ಯೂರಿಯಾ ಮೇಡಂ

"ಇಷ್ಟು ವರ್ಷದಿಂದ ಬೆಂಕಿ ಮುಂದೆ ಕೂತಿದ್ದೀರಿ. ಬೆಂಕಿ ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ಲ. ನೋಡ್ಕೊಳ್ಳಿ ಮಕ್ಕಳೇ, ಸ್ಕೂಲು ಅರ್ಧಕ್ಕೆ ಬಿಟ್ಟರೆ ಹೀಗೇ ಆಗೋದು."

ಹೇಳಿದವಳು ರಂಜನಿ, ನಮ್ಮ ರಸ್ತೆಯಲ್ಲೇ ಮುಂದಿರುವ ಹೈಸ್ಕೂಲಿನ ಸೈನ್ಸ್ ಮೇಡಂ. ಹೇಳಿಸಿಕೊಂಡವನು ನಾನು, ಯತೀಶ. ಮದ್ದೂರು ಬಿಟ್ಟು ಶಿವಪುರ ದಾಟಿದ ಮೇಲೆ ರಸ್ತೆ ಪಕ್ಕಕ್ಕೇ ಸಿಗುವ ನಮ್ಮ ಸೋದರಮಾವ ಅಂಕಯ್ಯನ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವನು. ಕೇಳಿಸಿಕೊಂಡವರು ನಮ್ಮ ಮಾವ, ಅಚ್ಚಿಗೆ ಬೆಲ್ಲ ತುಂಬುತ್ತಿದ್ದ ಹೊಂಬಾಳಮ್ಮ, ಜೊತೆಗೆ ಬೆಲ್ಲ ಮಾಡುವುದನ್ನು ನೋಡಲು ಬಂದಿದ್ದ ಒಂಬತ್ತನೇ ಕ್ಲಾಸಿನ ಅಷ್ಟೂ ಮಕ್ಕಳು.

ನಾನಾಗಿ ಬಾಯಿ ಬಿಟ್ಟಿರಲಿಲ್ಲ. ನನ್ನ ಪಾಡಿಗೆ ನಾನು ಒಲೆಯ ಗುಂಡಿಯಲ್ಲಿ ಕೂತಿದ್ದೆ. ಅವಳೇ ಬಗ್ಗಿ ನೋಡಿ, ಈ ಶಾಖ ಎಲ್ಲಿಂದ ಬರುತ್ತೆ ನೀವೇ ಮಕ್ಕಳಿಗೆ ಹೇಳಿ ಅಂದಳು. ನನಗೆ ಗೊತ್ತಿದ್ದದ್ದು ಹೇಳಿದೆ. ಸಿಪ್ಪೆ ಒಳಗೆ ಬೆಂಕಿ ಅಡಗಿರ್ತದೆ, ಸಿಪ್ಪೆ ಮುರಿದರೆ ಆಚೆ ಬತ್ತದೆ ಅಂತ. ಅದಕ್ಕೆ ಈ ಬಹುಮಾನ.

ಮಕ್ಕಳು ನಕ್ಕವು. ಮಾವನೂ ನಕ್ಕ, ಅದೇ ಹೆಚ್ಚು ಉರಿದದ್ದು.

ನಾನು ಉತ್ತರ ಕೊಡಲಿಲ್ಲ. ಕೊಡುವವನಲ್ಲ. ನಾನೂ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸೈನ್ಸ್ ಮೇಷ್ಟ್ರು ಏನೋ ಕೇಳಿ, ಹೇಳಲಿಲ್ಲ ಅಂತ ಹೊರಗೆ ನಿಂತ್ಕೋ ಅಂದಿದ್ದರು. ಹೊರಗೆ ನಿಂತೆ. ಅಲ್ಲಿಂದ ಹಾಗೇ ನಡೆದು ಮನೆಗೆ ಬಂದೆ. ಮತ್ತೆ ಆ ಬಾಗಿಲು ನೋಡಲಿಲ್ಲ.

ಆಲೆಮನೆಗೆ ಬಂದವರು ಬಾಯಿ ಸಿಹಿ ಮಾಡಿಕೊಳ್ಳದೆ ಹೋಗುವ ಹಾಗಿಲ್ಲ. ಮಾವ ಎಲ್ಲರಿಗೂ ಕಬ್ಬಿನ ಹಾಲು ಕೊಡಿಸಿದ. ಮೇಡಂಗೆ ಬಿಸಿ ಬೆಲ್ಲ ಕೊಡ್ಲಾ ಅಂತ ಬೇಕಂತಲೇ ನನ್ನನ್ನು ಕೂಗಿದ. ಕಬ್ಬಿನ ಸಿಗುರಿನ ತುದಿಗೆ ಒಂದಿಷ್ಟು ಎಳೆ ಬೆಲ್ಲ ಸುತ್ತಿ, ಅವಳ ಮುಖ ನೋಡದೆ ಕೈ ಚಾಚಿದೆ.

ಅವಳು ತೆಗೆದುಕೊಂಡಳು. ತುಟಿಗೆ ತಾಗಿಸಿ, ಸರಕ್ಕನೆ ಹಿಂದೆ ತೆಗೆದು, "ಬಿಸಿ" ಅಂದಳು.

"ಎಲ್ಲಿಂದ ಬಂತೋ ಗೊತ್ತಿಲ್ಲ ಮೇಡಂ" ಅಂದೆ.

ಆಗ ನೋಡಿದಳು. ಟೀಚರು ನೋಡುವ ಹಾಗಲ್ಲ. ಒಲೆಯ ಬಾಯಿ ತೆಗೆದಾಗ ಒಳಗಿನ ಕೆಂಪು ಒಂದೇ ಸಲ ಮುಖಕ್ಕೆ ಹೊಡೆಯುತ್ತದಲ್ಲ, ಹಾಗೆ. ಕಿವಿಯ ತುದಿ ಕೆಂಪಾಗಿತ್ತು. ಸಿಟ್ಟಿಗೋ, ಬೆಲ್ಲ ಸುಟ್ಟಿದ್ದಕ್ಕೋ, ಇನ್ನೇತಕ್ಕೋ. ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಹೊರಟುಹೋದಳು.

ನನ್ನ ತಲೆ ಕೆಡಲು ಶುರುವಾದದ್ದು ಅಲ್ಲಿಂದ.

*

ಶನಿವಾರ ಸ್ಕೂಲು ಬಿಟ್ಟ ಮೇಲೆ ಅವಳು ಒಬ್ಬಳೇ ಸ್ಕೂಟರಿನಲ್ಲಿ ಬಂದಳು. ಅಪ್ಪನಿಗೆ ಕೆಮಿಕಲ್ ಹಾಕದ ಬೆಲ್ಲ ಬೇಕಂತೆ. ಅವಳಪ್ಪ ಶ್ಯಾಮಣ್ಣನವರು ರಿಟೈರ್ಡ್ ಮೇಷ್ಟ್ರು, ಮನೆ ಮದ್ದೂರಿನಲ್ಲಿ ದೇವಸ್ಥಾನದ ಹಿಂದಿನ ಬೀದಿ. ಇಷ್ಟನ್ನೂ ಹೊಂಬಾಳಮ್ಮ ಬೆಲ್ಲ ತೂಗಿಕೊಡುವಷ್ಟರಲ್ಲಿ ಬಾಯಿ ಬಿಡಿಸಿದಳು.

ಬೆಲ್ಲ ತೆಗೆದುಕೊಂಡ ಮೇಲೆ ಹೋಗಬೇಕಿತ್ತು ತಾನೇ? ಬಂದು ನನ್ನ ಗುಂಡಿಯ ಅಂಚಿನಲ್ಲಿ ಕೂತಳು.

"ನೀವು ಅವತ್ತು ಹೇಳಿದ್ದು ಪೂರ್ತಿ ದಡ್ಡ ಉತ್ತರ ಅಲ್ಲ."

"ಎಷ್ಟು ದಡ್ಡ?"

"ಬಿ.ಎಸ್ಸಿ. ಸೇರೋವರೆಗೆ ನಾನೂ ಅದನ್ನೇ ನಂಬಿದ್ದೆ. ಅಷ್ಟು."

ಇದು ಕ್ಷಮೆಯೋ, ಇನ್ನೊಂದು ಪೆಟ್ಟೋ ಗೊತ್ತಾಗಲಿಲ್ಲ. ಸಿಪ್ಪೆ ನೂಕಿದೆ. ಅವಳೇ ಮುಂದುವರಿಸಿದಳು. ಈ ಒಣ ಸಿಪ್ಪೆಯೊಳಗೆ ಕಣ್ಣಿಗೆ ಕಾಣದ ಕಣಗಳು ಕೈ ಕೈ ಹಿಡಿದುಕೊಂಡು ಕೂತಿವೆಯಂತೆ. ಗಾಳಿಯೊಳಗೂ ಹಾಗೇ. ಆ ಕೈಗಳನ್ನು ಬಿಡಿಸಬೇಕೆಂದರೆ ಎಳೆಯಬೇಕು, ಎಳೆಯಲು ನಮ್ಮ ಶಕ್ತಿ ಖರ್ಚು. ಮುರಿದರೆ ಏನೂ ಬರುವುದಿಲ್ಲ, ನಮ್ಮದೇ ಹೋಗುತ್ತದೆ. ಬಿಟ್ಟ ಕೈಗಳು ಬೇರೆ ಕೈ ಹಿಡಿದುಕೊಳ್ಳುತ್ತವಲ್ಲ, ಶಕ್ತಿ ಹೊರಗೆ ಬರುವುದು ಆಗ. ಹೊಸ ಹಿಡಿತ ಹಳೆಯದಕ್ಕಿಂತ ಗಟ್ಟಿಯಾಗಿದ್ದರೆ, ಕೊಟ್ಟದ್ದಕ್ಕಿಂತ ಬಂದದ್ದು ಹೆಚ್ಚು. ಆ ಮಿಕ್ಕಿದ್ದೇ ಬೆಂಕಿ.

"ಅಂದ್ರೆ ಮುರಿಯೋದ್ರಿಂದಲ್ಲ" ಅಂದೆ. "ಕೂಡೋದ್ರಿಂದ."

"ಕೂಡೋದ್ರಿಂದ" ಅಂದಳು, ಬಹಳ ಮೆಲ್ಲಗೆ.

ಇಬ್ಬರೂ ಒಲೆ ನೋಡಿದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಅನ್ನುತ್ತಿತ್ತು. ಇಷ್ಟು ವರ್ಷ ನಾನು ಈ ಒಲೆಗೆ ಮುರಿದು ಮುರಿದು ಹಾಕುತ್ತಿದ್ದೇನೆ ಅಂದುಕೊಂಡಿದ್ದೆ. ಈಗ ನೋಡಿದರೆ ಒಳಗೆ ನಡೆಯುತ್ತಿದ್ದದ್ದು ಮದುವೆ.

ಅವಳು ಹೋದ ಮೇಲೆ ಮಾವ ಗುಂಡಿಯ ಮೇಲೆ ಬಂದು ನಿಂತ. "ಬೆಂಕಿ ನೋಡ್ಲಾ, ರೋಡ್ ನೋಡ್ಬೇಡ. ಅವ್ರು ಐನೋರ ಮನೆಯೋರು, ನಾವು ಒಕ್ಲು ಮಾಡೋರು. ಸುಮ್ಕೆ ತಲೆ ಕೆಡಿಸ್ಕಬ್ಯಾಡ."

ತಲೆ ಕೆಟ್ಟು ಆಗಲೇ ಹೊತ್ತಾಗಿತ್ತು. ಮಾವನಿಗೆ ಸುದ್ದಿ ತಡ.

*

ಆಮೇಲೆ ಅವಳು ಶನಿವಾರ ಶನಿವಾರ ಬಂದಳು. ಶ್ಯಾಮಣ್ಣನವರು ಅಷ್ಟು ಬೆಲ್ಲ ತಿಂದು ಹೇಗೆ ಬದುಕಿದ್ದಾರೋ ಅಂತ ಹೊಂಬಾಳಮ್ಮ ನನಗೆ ಕೇಳಿಸುವ ಹಾಗೆ ಅಂದಳು.

ಒಂದು ದಿನ ಅವಳು ಬಂದಾಗ ನಮ್ಮೂರಿನ ಗೌಡರೊಬ್ಬರು ಹೊಸ ಟವೆಲ್ಲಿನಲ್ಲಿ ಬೆಲ್ಲದ ಅಚ್ಚು ಕಟ್ಟಿಸಿಕೊಂಡು ಹೊರಡುತ್ತಿದ್ದರು. ಬೆಲ್ಲವನ್ನು ಯಾಕೆ ಮಗುವಿನ ಹಾಗೆ ಸುತ್ತಿಕೊಂಡು ಹೋಗ್ತಾರೆ ಅಂತ ಅವಳು ಕೇಳಿದಳು. ಹೆಣ್ಣು ಕೇಳಲು ಹೋಗುವವರು ನಮ್ಮೂರಿನಲ್ಲಿ ಹಾಗೆ ಒಯ್ಯುತ್ತಾರೆ, ಬೆಲ್ಲ ಅವರ ಮನೆಯ ನಡುಮನೆಯಲ್ಲಿ ಇಟ್ಟ ಮೇಲೇ ಮಾತು ಅಂದೆ. ಬೇಡ ಅಂದರೆ? ಬೆಲ್ಲ ವಾಪಸ್ಸು ಕೊಡ್ತಾರೆ. ಬೇಕು ಅಂದರೆ? ಅಲ್ಲೇ ಒಡೆದು ಹಂಚುತ್ತಾರೆ.

"ಹಾಗಾದ್ರೆ ಬಾಯಿಬಿಟ್ಟು ಏನೂ ಹೇಳೋದೇ ಬೇಡ. ನಿಮಗೆ ಹೇಳಿ ಮಾಡಿಸಿದ ಪದ್ಧತಿ" ಅಂದು ನಕ್ಕಳು.

ನಗುವಾಗ ಅವಳ ಒಂದು ಹುಬ್ಬು ಮಾತ್ರ ಮೇಲೇರುತ್ತದೆ. ಅದನ್ನು ನೋಡುತ್ತಾ ನಿಂತರೆ ಒಲೆ ಆರುತ್ತದೆ, ಬೈಗುಳ ಬೀಳುತ್ತದೆ. ಆದರೂ ನೋಡಿದೆ.

ನಾನು ಸುಣ್ಣ ಕಲಸುವ ಹೊತ್ತು ಅದು. ಕಬ್ಬಿನ ಹಾಲಿನ ಕೊಳೆ ಕೀಳಲು ಸುಣ್ಣದ ತಿಳಿ ಹಾಕುತ್ತೇವೆ. ಚೊಂಬಿನಲ್ಲಿದ್ದ ಸುಣ್ಣದ ಕಲ್ಲಿನ ಮೇಲೆ ನೀರು ಹುಯ್ದೆ. ಬೆಂಕಿಯಿಲ್ಲದೆ ಕುದಿಯಿತು. ಅವಳು ಚಪ್ಪಾಳೆ ತಟ್ಟುವುದೊಂದು ಬಾಕಿ. ಓಡಿಹೋಗಿ, ಗದ್ದೆಗೆ ಅಂತ ಮೂಲೆಯಲ್ಲಿ ಇಟ್ಟಿದ್ದ ಚೀಲದಿಂದ ಎರಡು ಹಿಡಿ ಯೂರಿಯಾ ತಂದು, ಇನ್ನೊಂದು ಚೊಂಬಿನ ನೀರಿಗೆ ಸುರಿದು ಕದಡಿದಳು. ನಂತರ ನನಗೆ ಕಣ್ಣು ಮುಚ್ಚಲು ಹೇಳಿದಳು.

ಮುಚ್ಚಿದೆ. ನನ್ನ ಬಲಗೈಯನ್ನು ಒಂದು ಚೊಂಬಿಗೆ ಹೊರಗಿನಿಂದ ಒತ್ತಿದಳು. ಸುಡುತ್ತಿತ್ತು. ಎಡಗೈಯನ್ನು ಇನ್ನೊಂದಕ್ಕೆ. ಬಾವಿಯ ತಳದ ಹಾಗೆ ತಣ್ಣಗಿತ್ತು.

"ಯಾವುದು ಶಾಖ ಕೊಡ್ತಿದೆ?"

"ಸುಣ್ಣ."

"ಯೂರಿಯಾ?"

"ಅದ್ರಲ್ಲಿ ಏನೂ ಇಲ್ಲ. ಸತ್ತಿದೆ."

"ತಪ್ಪು" ಅಂದಳು. ಈ ಸಲ ಆ ಮಾತಿಗೆ ಸಿಟ್ಟು ಬರಲಿಲ್ಲ, ಯಾಕೆ ಅಂತ ಈಗಲೂ ಗೊತ್ತಿಲ್ಲ. ಅದರಲ್ಲೂ ಅಷ್ಟೇ ಗಲಾಟೆ ನಡೀತಿದೆ ಅಂದಳು. ಕರಗಲು ಅದಕ್ಕೆ ಬೇಕಾದ ಶಕ್ತಿ ತನ್ನಲ್ಲಿ ಸಾಲದು, ಅದಕ್ಕೇ ಸುತ್ತಲಿಂದ ಎಳೆದುಕೊಳ್ಳುತ್ತದೆ. ನೀರಿಂದ, ಚೊಂಬಿಂದ, ಮುಟ್ಟಿದವರ ಕೈಯಿಂದ. "ತಣ್ಣಗಿದೆ ಅಂದ್ರೆ ಬೇಡ ಅಂತಿದೆ ಅಂತಲ್ಲ. ನಿಮ್ಮಿಂದ ತಗೋತಿದೆ ಅಂತ."

ಆಮೇಲೆ ನನ್ನ ಮಣಿಕಟ್ಟಿನ ಮೇಲೆ ಏನೋ ತಾಗಿತು. ಚೊಂಬಲ್ಲ.

"ಇದು?"

ಬಿಸಿಯೋ ತಣ್ಣಗೋ ಹೇಳಲಾಗಲಿಲ್ಲ. ಎರಡೂ ಇತ್ತು. ಕೊಡುತ್ತಿತ್ತೋ ತೆಗೆದುಕೊಳ್ಳುತ್ತಿತ್ತೋ, ದೇವರಾಣೆ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಅವಳು ಆಚೆ ದೂರದಲ್ಲಿ, ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು, ಹೊಂಬಾಳಮ್ಮನ ಹತ್ತಿರ ಏನೂ ಆಗದವಳ ಹಾಗೆ ಬೆಲ್ಲದ ಮಾತಾಡುತ್ತಿದ್ದಳು.

ನಿಜವಾಗಿ ಮುಟ್ಟಿದಳೋ, ನನಗೇ ಹಾಗನ್ನಿಸಿತೋ?

ಅವತ್ತಿನಿಂದ ನನ್ನೊಳಗೆ ಅವಳ ಹೆಸರು ಯೂರಿಯಾ ಮೇಡಂ.

*

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ.

ಗಾಣದ ಬೆಲ್ಟು ಹರಿದಿತ್ತು, ಹೊಸದು ತರಲು ಮಂಡ್ಯಕ್ಕೆ ಹೋದೆ. ಪೇಟೆ ಬೀದಿಯ ಸೀರೆ ಅಂಗಡಿಯಿಂದ ಅವಳು ಇಳಿಯುತ್ತಿದ್ದಳು. ಜೊತೆಗೆ ಅವಳಮ್ಮ ಕನಕಲಕ್ಷ್ಮಿ, ಕೈಯಲ್ಲಿ ದೊಡ್ಡ ಕವರು. ಹಿಂದೆ, ಇಸ್ತ್ರಿ ಮಾಡಿದ ಶರ್ಟಿನ ಒಬ್ಬ ಕನ್ನಡಕದವನು. ನಾನು ಗ್ರೀಸ್ ಅಂಟಿದ ಬೆಲ್ಟು ಹೆಗಲಿಗೆ ಹಾಕಿಕೊಂಡು ಎದುರಿಗೇ ಸಿಕ್ಕಿದೆ.

ಅವಳು ನೋಡಿದಳು. ನಿಂತಳು. ಅಮ್ಮ ಯಾರೇ ಅದು ಅಂತ ಕೇಳಿದರು.

"ಬೆಲ್ಲದವರು, ಅಮ್ಮ" ಅಂದಳು.

ಅಷ್ಟೇ. ಹಾಲಿನವರು, ಪೇಪರಿನವರು, ಬೆಲ್ಲದವರು. ಕನ್ನಡಕದವನು ನನಗೆ ತಲೆಯಾಡಿಸಿದ, ಅದೂ ಮರ್ಯಾದೆಯಿಂದ. ಅವನು ಸೊಕ್ಕು ತೋರಿಸಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಮುಖದಲ್ಲಿ ಏನೂ ಇರಲಿಲ್ಲ. ತಣ್ಣಗೆ, ಆ ಚೊಂಬಿನ ಹಾಗೆ.

ನಾನು ಬಸ್‌ಸ್ಟ್ಯಾಂಡಿನ ಕಡೆ ತಿರುಗಿದೆ.

ಅವನ ಹೆಸರು ಕಿಟ್ಟು, ಬ್ಲಫ್‌ನ ಪವರ್ ಸ್ಟೇಷನ್ನಿನಲ್ಲಿ ಎಂಜಿನಿಯರು, ಹುಡುಗಿ ನೋಡಿ ಒಪ್ಪಿದ್ದಾನೆ, ಹುಡುಗಿಯ ಮಾತಿಗೆ ಕಾಯ್ತಿದ್ದಾರೆ. ಹೊಂಬಾಳಮ್ಮನಿಗೆ ಎಲ್ಲ ಗೊತ್ತಿತ್ತು. ಮಳವಳ್ಳಿ ಕಡೆ ಅಷ್ಟು ಊರಿರುವಾಗ ಬ್ಲಫ್ ಅನ್ನುವ ಊರಿನವನೇ ಬೇಕಿತ್ತಾ ಅಂದೆ. ಊರು ಹೆಸರಿಗೆ ಬ್ಲಫ್ಫು, ಸಂಬಳ ನಿಜ ಕಣಪ್ಪ ಅಂದಳು ಹೊಂಬಾಳಮ್ಮ.

ಅವನು ನೀರಿನಿಂದ ಕರೆಂಟು ತೆಗೆಯುವವನು. ನಾನು ಸಿಪ್ಪೆಯಿಂದ ಹೊಗೆ ತೆಗೆಯುವವನು. ಅವಳು ಸೈನ್ಸ್ ಓದಿದವಳು, ಲೆಕ್ಕ ಬರುತ್ತದೆ.

ಹಾಗಾದರೆ ಮಣಿಕಟ್ಟಿನ ಮೇಲೆ ಇಟ್ಟದ್ದು ಏನು? ಮಕ್ಕಳಿಗೆ ಪಾಠ ಮಾಡುವ ಮೊದಲು ನನ್ನ ಮೇಲೆ ಪ್ರಯೋಗವಾ? ಒಂದು ಗಳಿಗೆ ಹಾಗೆ, ಒಂದು ಗಳಿಗೆ ಹೀಗೆ ಅನ್ನಿಸುತ್ತಾ ಸುಣ್ಣದ ತಿಳಿ ಹುಯ್ಯುತ್ತಿದ್ದೆ. ಒಂದು ಸಲ ಹುಯ್ದದ್ದು ನೆನಪಿದೆ. ಮತ್ತೆ ಹುಯ್ದೆನಾ? ಪಾಕ ಹದಕ್ಕೆ ಬಂದಾಗ ಇಡೀ ಕೊಪ್ಪರಿಗೆ ಕರ್ರಗಿತ್ತು.

ಮಾವ ಅಚ್ಚು ಕಿತ್ತು ಬೆಳಕಿಗೆ ಹಿಡಿದ. "ಬೆಲ್ಲನೇನ್ಲಾ ಇದು, ರೋಡಿಗೆ ಹಾಕೋ ಟಾರಾ? ಯಾವ ಅಂಗ್ಡಿಯೋನು ತಗತಾನೆ?"

ನಾನು ಆ ಕರಿ ಅಚ್ಚುಗಳನ್ನು ಮೂಲೆಗೆ ಒಟ್ಟಿದೆ.

*

ಶುಕ್ರವಾರ ಮಧ್ಯಾಹ್ನ ಸ್ಕೂಟರ್ ಸದ್ದಾಯಿತು. ಸ್ಕೂಲಿನ ಹೊತ್ತು, ಆದರೂ ಬಂದಿದ್ದಳು. ಹೊಂಬಾಳಮ್ಮನ ಕಡೆ ಹೋಗದೆ ನೇರ ನನ್ನ ಗುಂಡಿಗೆ ಬಂದಳು.

ನಾನು ತಲೆ ಎತ್ತಲಿಲ್ಲ. ಬೆಲ್ಲ ಅಲ್ಲಿದೆ ಮೇಡಂ, ತೂಗಿಸ್ಕೊಂಡು ಹೋಗಿ ಅಂದೆ.

ಸಂಜೆ ಬ್ಲಫ್‌ನವರಿಗೆ ಅಪ್ಪ ಫೋನ್ ಮಾಡಿ ಹೂಂ ಅಥವಾ ಉಹೂಂ ಹೇಳಬೇಕು, ಅಪ್ಪ ನನ್ನನ್ನೇ ಕೇಳ್ತಿದ್ದಾರೆ ಅಂದಳು.

"ಹೇಳಿ. ನಂಗ್ಯಾಕೆ?"

"ನಿಮ್ಮನ್ನ ಕೇಳೋಕೆ ಬಂದೆ."

"ಬೆಲ್ಲದವರನ್ನ ಏನು ಕೇಳೋದು?" ಅಂದೆ. ಒಳಗೆ ಕೂಡಿಟ್ಟಿದ್ದೆಲ್ಲ ಬಂತು. ಮಕ್ಕಳ ಮುಂದೆ ಅಂದದ್ದು, ಮಂಡ್ಯದ ಬೀದಿಯಲ್ಲಿ ಅಂದದ್ದು, ಕಣ್ಣು ಮುಚ್ಚಿಸಿ ಆಟ ಆಡಿದ್ದು. ಓದಿಲ್ಲದವನು ಅಂದರೆ ಬಿಸಿ ಮಾಡಿ ತಣ್ಣಗೆ ಮಾಡಿ ನೋಡೋ ಚೊಂಬಲ್ಲ ಅಂದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಕಣ್ಣಿನ ಅಂಚಿನಲ್ಲಿ ನೀರಿತ್ತು, ಹೊಗೆಯದ್ದೋ ಏನೋ.

"ಅಮ್ಮ ಯಾರು ಅಂತ ಕೇಳಿದ್ರು. ಇನ್ನೇನು ಹೇಳಲಿ? ನೀವು ನನಗೆ ಬೇರೆ ಏನಾದ್ರೂ ಆಗಿದ್ದೀರಾ? ಆಗಿದ್ರೆ ಅದನ್ನೇ ಹೇಳ್ತಿದ್ದೆ."

ಒಲೆಗೆ ಇನ್ನೊಂದು ಹಿಡಿ ಸಿಪ್ಪೆ ನೂಕಿದೆ.

ಅವಳು ಅಂಗಳದಲ್ಲಿ ಒಣಗಿದ್ದ ಸಿಪ್ಪೆಯ ಗುಡ್ಡೆ ತೋರಿಸಿದಳು. ಈ ಸಿಪ್ಪೆ, ಇದರ ಸುತ್ತ ಗಾಳಿ, ಇಷ್ಟು ದಿನದಿಂದ ಒಂದರ ಪಕ್ಕ ಒಂದಿವೆಯಲ್ಲ, ಯಾಕೆ ಹೊತ್ತಿಕೊಂಡಿಲ್ಲ ಅಂತ ಕೇಳಿದಳು. ಪಾಠ ಮಾಡುವ ದನಿಯಲ್ಲ.

"ಕಡ್ಡಿ ಗೀರಿಲ್ಲ, ಅದಕ್ಕೆ."

"ಕೂಡಿದ್ರೆ ಎಷ್ಟು ಶಾಖ ಬರುತ್ತೋ ಬರ್ಲಿ. ಮೊದಲು ಹಳೇ ಕೈ ಬಿಡಿಸೋಕೆ ಒಂದು ಕಿಡಿ ಹೊರಗಿಂದ ಬೇಕು. ಅಷ್ಟಿಲ್ಲದೆ ನೂರು ವರ್ಷ ಪಕ್ಕಪಕ್ಕ ಇದ್ರೂ ಏನೂ ಆಗಲ್ಲ." ರಸ್ತೆ ಕಡೆ ಕೈ ತೋರಿಸಿದಳು. "ಈ ರಸ್ತೇಲಿ ನಾನು ದಿನಾ ಸ್ಕೂಲಿಗೆ ಹೋಗ್ತಿದ್ದೆ ಯತೀಶ್. ನೀನು ಒಂದು ಸಲಾನೂ ತಲೆ ಎತ್ತಲಿಲ್ಲ. ಅವತ್ತು ನಿನ್ನ ಮಾತಾಡಿಸ್ಬೇಕು ಅಂತಾನೇ ಮಕ್ಕಳನ್ನ ಕರ್ಕೊಂಡು ಬಂದೆ. ಬಾಯಿಗೆ ಬಂದಿದ್ದು ಮಾತ್ರ ಅದು. ಕಿಡಿ ಕೇಳಿದ್ರೆ ಕೊಳ್ಳಿನೇ ಎಸೆದುಬಿಟ್ಟೆ. ಅದಕ್ಕೆ ಸಾರಿ. ಬೇರೆ ಯಾವುದಕ್ಕೂ ಅಲ್ಲ."

ನೀನು ಅಂದಳು. ನೀವು ಅಲ್ಲ.

"ಕಣ್ಣು ಮುಚ್ಚಿಸಿ ಒಂದು ಕೇಳಿದ್ದೆ. ಅದಕ್ಕೂ ಉತ್ತರ ಬಂದಿಲ್ಲ" ಅಂದಳು. "ಎಲ್ಲ ಕಡ್ಡಿನೂ ನಾನೇ ಗೀರ್ಬೇಕಾ? ಇವತ್ತು ನೀನು ಹೇಳು. ಏನಂತ ಹೇಳಲಿ ಅಪ್ಪಂಗೆ?"

ಒಲೆಯಲ್ಲಿ ಸಿಪ್ಪೆ ಚಟಚಟ ಅಂದಿತು. ಹೊಂಬಾಳಮ್ಮ ಅಚ್ಚು ತುಂಬುವುದನ್ನು ನಿಲ್ಲಿಸಿದ್ದಳು. ಮಾವ ಗಾಣದ ಹತ್ತಿರ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಮತ್ತೆ ಎಲ್ಲರೆದುರಿಗೆ ಒಂದು ಪ್ರಶ್ನೆ, ಮತ್ತೆ ನನಗೆ ಗೊತ್ತಿಲ್ಲದ ಉತ್ತರ. ಎದೆಯೊಳಗೆ ಏನು ಉರಿಯುತ್ತಿದೆ, ಸಿಟ್ಟೋ, ಖುಷಿಯೋ, ಭಯವೋ, ಒಂದೂ ಬಿಡಿಯಾಗಿ ಕೈಗೆ ಸಿಗಲಿಲ್ಲ. ಇಷ್ಟು ದಿನದ ನನ್ನ ಸಿಟ್ಟು ನನ್ನದೇ ಅಂದುಕೊಂಡಿದ್ದೆ. ಅದನ್ನು ಹಚ್ಚಿದವಳು ಇವಳಂತೆ.

ನಾನು ಗುಂಡಿಯಿಂದ ಎದ್ದು, ಅವಳನ್ನು ದಾಟಿ ಒಳಗೆ ಹೋದೆ.

ಹೋಗ್ತೀಯಾ, ಹೀಗೇ ಹೋಗ್ತೀಯಾ ಅಂತ ಅವಳು ಹಿಂದಿನಿಂದ ಕೇಳಿದ್ದು ಕೇಳಿಸಿತು.

ಒಳಗೆ ಒಂದು ಕಡೆ ಬೆಳಗಿನ ಬೆಲ್ಲ, ಕೆಂಚಗೆ, ಜೇನಿನ ಬಣ್ಣ. ಇನ್ನೊಂದು ಕಡೆ ಸುಣ್ಣ ಹೆಚ್ಚಾಗಿ ಕೆಟ್ಟ ಕರಿ ಅಚ್ಚುಗಳು. ಯಾವುದು ಸರಿ? ಕೆಂಚಗಿರುವುದು ಮರ್ಯಾದಸ್ಥರ ಮನೆಗೆ. ಕರಿಯದು ಅವಳಿಗಾಗಿ ತಲೆ ಕೆಟ್ಟು ಮಾಡಿದ್ದು, ಅದರಷ್ಟು ನನ್ನದು ಬೇರೆ ಯಾವುದೂ ಇಲ್ಲ. ತಿಳಿಯಲಿಲ್ಲ. ಎರಡನ್ನೂ ತೆಗೆದುಕೊಂಡೆ. ಮಾವ ಹಬ್ಬಕ್ಕೆ ಅಂತ ಗೂಟಕ್ಕೆ ನೇತುಹಾಕಿದ್ದ ಹೊಸ ಟವೆಲ್ಲು ಎಳೆದು, ಕರಿಯದನ್ನೂ ಕೆಂಚನೆಯದನ್ನೂ ಒಂದಕ್ಕೊಂದು ಒತ್ತಿ ಕಟ್ಟಿದೆ. ಗಂಟು ಸರಿಯಾಗಿ ಬೀಳಲಿಲ್ಲ.

ಹೊರಗೆ ಬಂದೆ. ಅವಳು ಟವೆಲ್ಲು ನೋಡಿದಳು. ಒಂದು ಹುಬ್ಬು ಮೇಲೇರಿತು, ಅಲ್ಲೇ ನಿಂತುಬಿಟ್ಟಿತು.

"ಎಲ್ಗ್ಲಾ ಓಯ್ತಿದ್ದೀಯ?" ಮಾವ ಗಾಣದ ಕಡೆಯಿಂದ ಅಬ್ಬರಿಸಿದ. "ಒಲೆ ಆರೋಯ್ತದೆ ಕಣ್ಲಾ."

"ಒಲೆ ನಾನು ನೋಡ್ಕತೀನಿ. ಅವನ್ನ ಬುಡು" ಅಂದಳು ಹೊಂಬಾಳಮ್ಮ.

ಅಂಗಳ ದಾಟಿ ರಸ್ತೆಗೆ ಇಳಿದೆ. ಮೈಯೆಲ್ಲ ಮಸಿ, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಯಾವ ಬಾಗಿಲು ಅಂತಲೂ ಗೊತ್ತಿರಲಿಲ್ಲ. ನಡುಮನೆಯವರೆಗೆ ಬಿಡುತ್ತಾರೋ, ಬೆಲ್ಲ ಒಡೆಯುತ್ತಾರೋ, ಕೈಗೇ ವಾಪಸ್ಸು ಕೊಡುತ್ತಾರೋ.

ಹಿಂದೆ ಸ್ಕೂಟರ್ ಸ್ಟಾರ್ಟ್ ಆಯಿತು. ಮುಂದೆ ಹೋಗಲಿಲ್ಲ, ನನ್ನ ಹಿಂದೆಯೇ ಮೆಲ್ಲಗೆ ಉರುಳುತ್ತಾ ಬಂತು.

"ಯತೀಶ್" ಅಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿರುಗಿ ನೋಡದೆ ಹೇಗೆ ಹೇಳಲಿ. "ಅಪ್ಪ ಮೇಷ್ಟ್ರು ಕಣೋ. ಮೊದಲು ಕೇಳೋದೇ ಏನು ಓದಿದ್ದೀಯ ಅಂತ. ಏನು ಹೇಳ್ತೀಯ?"

ನಾನು ಗಂಟನ್ನು ಇನ್ನೊಂದು ಹೆಗಲಿಗೆ ಏರಿಸಿ ಮದ್ದೂರಿನ ಕಡೆ ನಡೆದೆ.